ಹಳೇ ಅಲ್ಯೂಮಿನಿಯಂ ಬೋಟು: ತೇಪೆ ಹಾಕಿ ನೀರಿಗಿಳಿಸೋದಾ, ಒಳಗೆಲ್ಲ ಕಿತ್ತು ಹೊಸದಾಗಿ ಕಟ್ಟೋದಾ?

ಇಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಮಾರ್ಚ್ ಬಂತು ಅಂದ್ರೆ ಸಾಕು, ಕೆರೆ ಮೇಲೆ ಐಸ್ ಇನ್ನೂ ಒಂದಡಿ ದಪ್ಪ ಕೂತಿರೋವಾಗ್ಲೇ ನಮ್ಮ ಕನ್ನಡದವರ ಪೈಕಿ ಯಾರಾದ್ರೂ ಫೋನ್ ಮಾಡಿ "ಹಳೇ ಅಲ್ಯೂಮಿನಿಯಂ ಬೋಟೊಂದು ಮಾರಾಟಕ್ಕಿದೆ, ಟ್ರೈಲರ್ ಸೇರಿ ಆರುನೂರು ಡಾಲರ್ ಅಂತಿದಾನೆ, ತಗೊಳ್ಳೋದಾ?" ಅಂತ ಕೇಳೇ ಕೇಳ್ತಾರೆ. ಈ ಸಲ ಮೂರು ಜನ ಕೇಳಿದ್ರು. ಒಬ್ರಿಗೆ ಇಬ್ರು ಮಕ್ಕಳು, ಆರು ವರ್ಷದ್ದೊಂದು ಒಂಬತ್ತು ವರ್ಷದ್ದೊಂದು, ಮನೆ ಹತ್ರದ ಸಣ್ಣ ಕೆರೇಲಿ ಸನ್‌ಫಿಶ್ ಹಿಡಿಸಿದ್ರೆ ಸಾಕು ಅವರಿಗೆ. ಇನ್ನೊಬ್ರಿಗೆ ಮಿಲ್ ಲ್ಯಾಕ್ಸ್ ಅನ್ನೋ ದೊಡ್ಡ ಕೆರೆಗೆ ಹೋಗಿ ವಾಲ್‌ಐ ಅನ್ನೋ ಮೀನು ಹಿಡೀಬೇಕು. ಮೂರನೆಯವರಿಗೆ ನಿಜ ಹೇಳ್ಬೇಕು ಅಂದ್ರೆ ಮೀನಿಗಿಂತ ಗರಾಜ್ ಕೆಲಸದ ಮೇಲೇ ಆಸೆ, ರಾತ್ರಿ ಎರಡು ಗಂಟೆವರೆಗೆ ವಿಡಿಯೋ ನೋಡಿ ನೋಡಿ ಮುಂದುಗಡೆ ನಿಂತು ಗಾಳ ಹಾಕೋಕೆ ಜಗಲಿ ಥರ ಡೆಕ್ ಕಟ್ಟಬೇಕು, ಕಾರ್ಪೆಟ್ ಹಾಕ್ಬೇಕು, ನೀಲಿ ಲೈಟ್ ಹಾಕ್ಬೇಕು ಅಂತ ತಲೇಲಿ ಪೂರ್ತಿ ಬೋಟು ಕಟ್ಟಿ ಮುಗಿಸಿದಾರೆ.

ಮೂವರಿಗೂ ಒಂದೇ ಉತ್ತರ ಕೊಡೋಕಾಗಲ್ಲ. ನಾನು 1974ರ 14 ಅಡಿ ಬೋಟೊಂದನ್ನ ಎರಡು ಸಲ ಕಟ್ಟಿದೀನಿ, ಯಾಕೆ ಎರಡು ಸಲ ಅಂದ್ರೆ ಮೊದಲನೇ ಸಲ ಕಟ್ಟಿದ್ದು ತಪ್ಪಾಗಿತ್ತು. ಅದೇ ಅನುಭವ ಇಟ್ಕೊಂಡು ಬರೀತಿದೀನಿ, ಎಲ್ಲದನ್ನೂ ಒಂದೇ ಕಡೆ ಹೇಳಿಬಿಟ್ರೆ ಮುಂದಿನ ಮಾರ್ಚ್‌ನಲ್ಲಿ ನನಗೂ ಫೋನ್ ಕಡಿಮೆಯಾಗತ್ತೆ.

ಇಲ್ಲಿ ಇಷ್ಟೊಂದು ಹಳೇ ಅಲ್ಯೂಮಿನಿಯಂ ಬೋಟು ಯಾಕಿದೆ ಅಂತ ಹೊಸಬರಿಗೆ ಆಶ್ಚರ್ಯ ಆಗತ್ತೆ. ಎರಡನೇ ಮಹಾಯುದ್ಧ ಮುಗಿದ್ಮೇಲೆ ವಿಮಾನಕ್ಕೆ ಹೋಗ್ತಿದ್ದ ಅಲ್ಯೂಮಿನಿಯಂ ತಗಡು, ರಿವೆಟ್ (ತಗಡಿಗೆ ತಗಡು ಜೋಡಿಸೋ ಮೊಳೆ) ಹೊಡೆಯೋ ಕೈಗಳು ಎರಡೂ ಖಾಲಿ ಕೂತವು, ವಿಮಾನ ಮಾಡ್ತಿದ್ದ ಗ್ರಮ್ಮನ್ ಕಂಪನಿಯೇ ಕನೂ, ದೋಣಿ ಮಾಡೋಕೆ ಇಳೀತು. ಈ ರಾಜ್ಯದಲ್ಲೇ ಅಲ್ಯೂಮಕ್ರಾಫ್ಟ್, ಕ್ರೆಸ್ಟ್‌ಲೈನರ್ ಅನ್ನೋ ಬೋಟು ಕಂಪನಿ ಎರಡೂ 1946ರಲ್ಲಿ ಶುರುವಾದ್ವು, ಲುಂಡ್ 1948ರಲ್ಲಿ. ಅಲ್ಯೂಮಿನಿಯಂ ಮೇಲೆ ತಾನಾಗೇ ಒಂದು ಆಕ್ಸೈಡ್ ಪೊರೆ ಕೂತ್ಕೊಳ್ಳತ್ತೆ, ಸಿಹಿನೀರಲ್ಲಿ ಅದಕ್ಕೆ ಸಾಮಾನ್ಯವಾಗಿ ಏನೂ ಆಗಲ್ಲ, ಹಾಗಾಗಿ ಐವತ್ತು ವರ್ಷದ ಬೋಟಿನ ತಗಡು ಗಟ್ಟಿಯಾಗೇ ಇರತ್ತೆ, ಕೊಳೆಯೋದು ಅದರೊಳಗಿನ ಮರ. ಇದನ್ನ ವಿಡಿಯೋ ಕಾಲಲ್ಲಿ ತೀರ್ಥಹಳ್ಳಿಲಿರೋ ಅಮ್ಮನಿಗೆ ತೋರಿಸಿದಾಗ "ಅಲ್ಲ ಮಾರಾಯಾ, ಅಷ್ಟು ದೊಡ್ಡ ಪಾತ್ರೆಗೆ ಕಲಾಯಿ ಹಾಕ್ತಾ ಕೂತಿದೀಯಲ್ಲ" ಅಂದ್ರು.

ಮೊದಲು ಅಳತೆಗೋಲು

ದುಡ್ಡಿಂದ ಶುರು ಮಾಡ್ಬೇಡಿ, ಎಲ್ಲರೂ ಅಲ್ಲಿಂದಲೇ ಶುರು ಮಾಡೋದು. ಮೊದಲು ಕೇಳ್ಕೋಬೇಕಾದ್ದು ಯಾವ ನೀರು ಅಂತ. ಚಪ್ಪಟೆ ತಳದ ಜಾನ್ ಬೋಟು ಅಂದ್ರೆ ಒಂಥರಾ ತೇಲೋ ಟ್ರೇ ಇದ್ದಹಾಗೆ, ನಿಂತ ನೀರಲ್ಲಿ ಅಲುಗಾಡಲ್ಲ, ಒಂದು ಗೇಣು ನೀರಿದ್ರೂ ಹೋಗತ್ತೆ, ಮಿಸಿಸಿಪ್ಪಿ ಹಿನ್ನೀರಿಗೆ, ಸಣ್ಣ ಕೆರೆಗೆ ಅದಕ್ಕಿಂತ ಒಳ್ಳೇದಿಲ್ಲ. ಆದ್ರೆ ಗಾಳಿ ಎದ್ದಾಗ ಅಲೆ ಮೇಲೆ ಅದರ ತಳ ಬಡಿಯೋ ಬಡಿತಕ್ಕೆ ಸೊಂಟ ಹೋಗತ್ತೆ. ಮುಂದೆ ಚೂಪಾಗಿರೋ ವಿ ಆಕಾರದ್ದು ಅಲೆ ಸೀಳ್ಕೊಂಡು ಹೋಗತ್ತೆ, ನಿಂತಾಗ ಮಾತ್ರ ಪಕ್ಕಕ್ಕೆ ಸ್ವಲ್ಪ ಓಲಾಡತ್ತೆ. ಮಿಲ್ ಲ್ಯಾಕ್ಸ್ ಒಂದು ಲಕ್ಷ ಮೂವತ್ತು ಸಾವಿರ ಎಕರೆ ಹರಡ್ಕೊಂಡಿರೋ, ಆಳವೇ ಇಲ್ಲದ ತಟ್ಟೆ ಥರದ ಕೆರೆ, ಗಾಳಿ ತಿರುಗಿದ್ರೆ ಅರ್ಧ ಗಂಟೇಲಿ ಸಮುದ್ರದ ಹಾಗೆ ಆಗತ್ತೆ. ಅಲ್ಲಿಗೆ ಜಾನ್ ಬೋಟು ತಗೊಂಡು ಹೋಗ್ತೀನಿ ಅನ್ನೋರ ಜೊತೆ ನಾನು ವಾದ ಮಾಡಲ್ಲ, ಸುಮ್ನೆ ಫೋನ್ ಇಡ್ತೀನಿ.

ಎರಡನೇದು ತೂಕ. ಇದರ ಬಗ್ಗೆ ಯಾರೂ ಕೇಳೋದೇ ಇಲ್ಲ, ಆದ್ರೆ ಉಳಿದ ಎಲ್ಲ ನಿರ್ಧಾರಾನೂ ಮಾಡೋದು ಇದೇ. ಬೋಟಿನ ಒಳಗೆ ಹಿಂದುಗಡೆ ಒಂದು ಸಣ್ಣ ಪ್ಲೇಟು ಇರತ್ತೆ, ಎಷ್ಟು ಜನ, ಒಟ್ಟು ಎಷ್ಟು ಪೌಂಡು, ಎಷ್ಟು ಎಚ್‌ಪಿ ಮೋಟರ್ ಅಂತ. 1972ರ ನವೆಂಬರ್‌ನಿಂದ ಈಚೆಗೆ ತಯಾರಾದ, 20 ಅಡಿಗಿಂತ ಚಿಕ್ಕ ಮೋಟರ್ ಬೋಟುಗಳಿಗೆ ಇದು ಕಡ್ಡಾಯ. ಅದಕ್ಕಿಂತ ಹಳೇದಾದ್ರೆ ಪ್ಲೇಟು ಇಲ್ದೇ ಇರ್ಬೋದು, ಆಗ ಉದ್ದದ ಅಡೀನ ಅಗಲದ ಅಡಿಯಿಂದ ಗುಣಿಸಿ 15ರಿಂದ ಭಾಗಿಸಿದ್ರೆ ಎಷ್ಟು ಜನ ಅಂತ ಒಂದು ಅಂದಾಜು ಸಿಗತ್ತೆ. ನನ್ನ ಬೋಟಿನ ಪ್ಲೇಟಲ್ಲಿ ಜನ, ಮೋಟರ್, ಸಾಮಾನು ಎಲ್ಲ ಸೇರಿ 750 ಪೌಂಡು ಅಂತಿದೆ. ಈಗ ಲೆಕ್ಕ ಹಾಕಿ: 9.9 ಎಚ್‌ಪಿ ಹಳೇ ಟೂ ಸ್ಟ್ರೋಕ್ 75 ಪೌಂಡು, ಆರು ಗ್ಯಾಲನ್ ಪೆಟ್ರೋಲು ಟ್ಯಾಂಕ್ ಸಮೇತ 45, ಲೆಡ್ ಬ್ಯಾಟರಿ 60, ಟ್ರೋಲಿಂಗ್ ಮೋಟರ್ (ಬ್ಯಾಟರಿಲಿ ಓಡೋ ಸಣ್ಣ ಮೋಟರು) 25, ಲಂಗರು ಗಾಳದ ಪೆಟ್ಟಿಗೆ ಅದು ಇದು 30. ಅಲ್ಲಿಗೆ 235 ಆಯ್ತು. ದೊಡ್ಡವರಿಬ್ರು ಕೂತ್ರೆ 340. ಉಳಿದಿದ್ದು 175 ಪೌಂಡು, ನಿಮ್ಮ ಡೆಕ್ಕು, ನೆಲ, ಸೀಟು, ತಿಂಡಿ ಡಬ್ಬಿ, ಹಿಡಿದ ಮೀನು ಎಲ್ಲ ಅದರೊಳಗೇ ಬರ್ಬೇಕು. ಮುಕ್ಕಾಲು ಇಂಚಿನ ಪ್ಲೈವುಡ್ ಒಂದು ಶೀಟು ಒಣಗಿದ್ದಾಗಲೇ 60ರಿಂದ 70 ಪೌಂಡು ತೂಗತ್ತೆ, ಎರಡು ಶೀಟು ಹಾಕಿ ಕೆಳಗೆ ಮರದ ಚೌಕಟ್ಟು ಕೊಟ್ರೆ ಕಥೆ ಮುಗೀತು, ತಿಂಡಿ ಡಬ್ಬಿಗೂ ಜಾಗ ಇಲ್ಲ.

ನಾನು ಮೊದಲನೇ ಸಲ ಮಾಡಿದ ತಪ್ಪು ಇದೇ. ನಡು ಬೆಂಚಿಂದ ಮೂತಿವರೆಗೆ ಮುಕ್ಕಾಲು ಇಂಚಿನ ಪ್ಲೈಯಲ್ಲಿ ಡೆಕ್ ಕಟ್ಟಿ, ಮೇಲೆ ಬೂದು ಕಾರ್ಪೆಟ್ ಅಂಟಿಸಿ, ಗರಾಜಲ್ಲಿ ನಿಲ್ಲಿಸಿ ನೋಡಿದ್ರೆ ಅರಮನೆ. ಆ ಜುಲೈಲಿ ಶಿವಮೊಗ್ಗದಿಂದ ಭಾವ ಬಂದಿದ್ರು, ಡೆಕ್ ಮೇಲೆ ನಿಂತು ಗಾಳ ಬೀಸೋಕೆ ಕೈ ಎತ್ತಿದ್ರು ಅಷ್ಟೇ, ಬೋಟು ಬಲಕ್ಕೆ ವಾಲ್ತು, ಭಾವ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಲ್ಲಿ ಅಂಚು ಹಿಡ್ಕೊಂಡ್ರು, ರಾಡು ಕೆರೆ ಪಾಲಾಯ್ತು. ದಡಕ್ಕೆ ಬರೋವರೆಗೆ ಅವರು ಎದ್ದು ನಿಲ್ಲಲಿಲ್ಲ, "ನಮ್ಮೂರ ಹರಿಗೋಲೇ ವಾಸಿ" ಅಂತ ಒಂದೇ ಮಾತಂದ್ರು. ಡೆಕ್ ಎತ್ತರ ಆದಷ್ಟೂ ನಿಂತವರ ತೂಕ ಮೇಲಕ್ಕೆ ಹೋಗತ್ತೆ, ಅಗಲ ಕಡಿಮೆ ಇರೋ ಬೋಟು ಅದನ್ನ ತಡ್ಕೊಳ್ಳಲ್ಲ. ಸೀಸನ್ ಮುಗಿದ್ಮೇಲೆ ಡೆಕ್ ಕಿತ್ತು ತುಂಡು ತುಂಡಾಗಿ ಬಾತ್‌ರೂಮ್ ಸ್ಕೇಲ್ ಮೇಲಿಟ್ಟು ಕೂಡಿಸಿದೆ: ನೀರು ಕುಡಿದ ಕಾರ್ಪೆಟ್ ಸೇರಿ 168 ಪೌಂಡು. ಅಂದ್ರೆ ಕಾಣದೇ ಇರೋ ಮೂರನೇ ಮನುಷ್ಯನೊಬ್ಬನ್ನ ಇಡೀ ಬೇಸಿಗೆ ಮುಂದೆ ಕೂರಿಸ್ಕೊಂಡು ಓಡಾಡ್ಸಿದೀನಿ.

ಇವೆರಡು ಆದ್ಮೇಲೆ ಉಳಿದವು: ಕೆಲಸ ಮಾಡೋಕೆ ಜಾಗ ಇದೆಯಾ (ಗರಾಜ್ ಬೆಚ್ಚಗಿರತ್ತಾ ಅನ್ನೋದು ಇಲ್ಲಿ ದೊಡ್ಡ ಪ್ರಶ್ನೆ, ಥಂಡಿಯಲ್ಲಿ ಎಪಾಕ್ಸಿ, ಅಂದ್ರೆ ಎರಡು ದ್ರವ ಬೆರೆಸಿ ಹಚ್ಚೋ ಅಂಟು, ಗಟ್ಟಿಯಾಗೋದೇ ಇಲ್ಲ), ಮೇ ತಿಂಗಳ ವಾಲ್‌ಐ ಓಪನರ್‌ಗೆ, ಅಂದ್ರೆ ಆ ಮೀನಿನ ಸೀಸನ್ ಶುರುವಾಗೋ ದಿನಕ್ಕೆ, ನೀರಿಗಿಳೀಲೇಬೇಕಾ ಇಲ್ಲ ಮುಂದಿನ ವರ್ಷ ಆದ್ರೂ ಆಗತ್ತಾ, ಆಮೇಲೆ ದುಡ್ಡು.

ದಾರಿ ಒಂದು: ಸೋರೋದು ನಿಲ್ಲಿಸಿ, ನೀರಿಗಿಳಿಸಿ

ಬೆಂಚು ಹೇಗಿದೆಯೋ ಹಾಗೇ, ನೆಲ ಇಲ್ಲ, ಬಣ್ಣ ಇಲ್ಲ. ಸೋರೋ ಕಡೆ ಮುಚ್ಚಿ, ಹಿಂದಿನ ಹಲಗೆ ಗಟ್ಟಿ ಇದೆಯಾ ನೋಡಿ, ಟ್ರೈಲರ್ ಬೇರಿಂಗಿಗೆ ಗ್ರೀಸ್ ತುಂಬಿ ಹೊರಡೋದು. ನನ್ನ ಪ್ರಕಾರ ಹತ್ತರಲ್ಲಿ ಆರು ಜನಕ್ಕೆ ಇದೇ ಸರಿ, ಆದ್ರೆ ಫೋಟೋಗೆ ಚೆನ್ನಾಗಿ ಕಾಣಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರೂ ಒಪ್ಪಲ್ಲ. ನನಗೆ ಇದಕ್ಕೆ ನೂರೈವತ್ತು ಡಾಲರ್ ಒಳಗೇ ಆಗಿತ್ತು, ಎರಡು ವಾರಾಂತ್ಯ.

ಸೋರೋದು ಎಲ್ಲಿ ಅಂತ ಕಂಡುಹಿಡಿಯೋಕೆ ಕೆರೆಗೆ ಹೋಗೋದು ಬೇಡ, ಉಲ್ಟಾ ಮಾಡಿ: ಬೋಟು ಟ್ರೈಲರ್ ಮೇಲಿದ್ದಾಗಲೇ ಒಳಗೆ ನೀರು ಬಿಡಿ. ಆದ್ರೆ ಬಾಯಿವರೆಗೆ ತುಂಬಿಸ್ಬೇಡಿ ಮಾರಾಯ್ರೆ, 14 ಅಡಿ ಬೋಟಲ್ಲಿ ನಾಲ್ಕೇ ಇಂಚು ನೀರು ನಿಂತ್ರೂ ಸಾವಿರ ಪೌಂಡಿನ ಹತ್ರ ಹೋಗತ್ತೆ, ಹಳೇ ಟ್ರೈಲರ್ ಬಗ್ಗಿಹೋಗತ್ತೆ ಇಲ್ಲಾ ತಳಾನೇ ಜಗ್ಗತ್ತೆ. ಕೆಳಗೆ ಮರದ ದಿಮ್ಮಿ ಕೊಟ್ಟು, ಹಿಂದುಗಡೆ ಸ್ವಲ್ಪ, ಮುಂದುಗಡೆ ಸ್ವಲ್ಪ ಅಂತ ವಾಲಿಸ್ಕೊಂಡು ಪರೀಕ್ಷೆ ಮಾಡಿ. ನಾನು ಡ್ರೈವ್‌ವೇ ಮೇಲೆ ರಟ್ಟು ಹಾಸ್ಕೊಂಡು ಬೋಟಿನ ಕೆಳಗೆ ಅಂಗಾತ ಮಲಗಿ, ಕೈಯಲ್ಲೊಂದು ಮಾರ್ಕರ್ ಹಿಡ್ಕೊಂಡು ಕಾಯ್ತಿದ್ದೆ. ಮೊದಲು ಏನೂ ಕಾಣಲ್ಲ. ಹತ್ತು ನಿಮಿಷ ಆದ್ಮೇಲೆ ಒಂದು ರಿವೆಟ್ ತಲೆ ಸುತ್ತ ಕಪ್ಪಗೆ ಒದ್ದೆ ಉಂಗುರ ಮೂಡತ್ತೆ, ಅದು ನಿಧಾನಕ್ಕೆ ದಪ್ಪ ಆಗಿ ಹನಿಯಾಗಿ ನೇತಾಡಿ ಸರಿಯಾಗಿ ಕಣ್ಣಿಗೇ ಬೀಳತ್ತೆ. ಗುರುತು ಹಾಕು, ಮುಂದಿನದಕ್ಕೆ ಹೋಗು. ಒಟ್ಟು 31 ಗುರುತು ಸಿಕ್ತು, ಅದರಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಕೀಲ್, ಅಂದ್ರೆ ತಳದ ನಡುವೆ ಮುಂದಿಂದ ಹಿಂದಕ್ಕೆ ಹೋಗೋ ಗೆರೆ, ಅದರ ಉದ್ದಕ್ಕೇ ಇದ್ವು.

ಇನ್ನು ಮುಚ್ಚೋದು ಹೇಗೆ ಅನ್ನೋದ್ರಲ್ಲೇ ನಾಲ್ಕು ಪಂಗಡ ಇದೆ. ನನಗೆ ಇಷ್ಟವಾಗಿದ್ದು ಸಡಿಲಾದ ರಿವೆಟ್ಟನ್ನೇ ಮತ್ತೆ ಬಿಗಿ ಮಾಡೋದು. ಹೊರಗಡೆಯಿಂದ ಏರ್ ಹ್ಯಾಮರ್, ಒಳಗಡೆಯಿಂದ ರಿವೆಟ್ ಬಾಲಕ್ಕೆ ಒಂದು ಭಾರದ ಕಬ್ಬಿಣದ ತುಂಡು ಒತ್ತಿ ಹಿಡೀಬೇಕು, ಒಬ್ರು ಹೊಡೀಬೇಕು ಒಬ್ರು ಹಿಡೀಬೇಕು. ನನ್ನ ಹೆಂಡತಿ ಒಳಗೆ ಕೂತು ಹಿಡಿದ್ಲು, ಕಿವಿಗೆ ಹತ್ತಿ, ಅದರ ಮೇಲೆ ಇಯರ್ ಮಫ್, ಆದ್ರೂ "ತಪ್ಪಲೆ ಒಳಗೆ ಕೂರಿಸಿ ಹೊರಗಿಂದ ಸೌಟಲ್ಲಿ ಹೊಡೆದ ಹಾಗೆ ಆಗ್ತಿದೆ, ಬೇಗ ಮುಗ್ಸಿ" ಅಂತಿದ್ಲು. ಒಂದೊಂದು ರಿವೆಟ್ಟಿಗೆ ಎರಡು ಮೂರು ಸೆಕೆಂಡು ಸಾಕು. ಆಸೆಗೆ ಬಿದ್ದು ಜಾಸ್ತಿ ಹೊಡೆದ್ರೆ ಸುತ್ತಲಿನ ತಗಡು ಹಿಗ್ಗಿ ತೂತು ದೊಡ್ಡದಾಗತ್ತೆ, ಆಮೇಲೆ ಪಕ್ಕದ್ದು ಸೋರೋಕೆ ಶುರು. ಇದರ ಖರ್ಚು ಹತ್ತಿರ ಹತ್ತಿರ ಸೊನ್ನೆ, ತೂಕಾನೂ ಸೊನ್ನೆ.

ಬಿಗಿ ಆಗದೇ ಇದ್ದಿದ್ದನ್ನ ಡ್ರಿಲ್ ಮಾಡಿ ತೆಗೆದು ಹೊಸ ರಿವೆಟ್ ಹಾಕ್ಬೇಕು, ಹಾಕೋವಾಗ ತೂತಿಗೆ 5200 ಅಂತ ಹೆಸರಿರೋ ಥರದ, ಬೋಟಿಗೇ ಅಂತ ಬರೋ ಸೀಲೆಂಟ್ ಬಳಿದು. ಬೆಂಚಿನ ಕೆಳಗೆ ಕೈ ಹೋಗದ ಕಡೆ ಒಂದೇ ಬದಿಯಿಂದ ಹೊಡೆಯೋ ಪಾಪ್ ರಿವೆಟ್ ಹಾಕ್ಬೋದು, ಆದ್ರೆ ತುದಿ ಮುಚ್ಚಿರೋ ಜಾತಿದೇ ಕೇಳಿ ತಗೊಳ್ಳಿ. ಮಾಮೂಲಿ ಪಾಪ್ ರಿವೆಟ್ಟಿಗೆ ನಡುವೆ ತೂತಿರತ್ತೆ, ಸೋರೋದನ್ನ ನಿಲ್ಲಿಸೋಕೆ ತೂತಿರೋ ಮೊಳೆ ಹೊಡೆದ ಹಾಗಾಗತ್ತೆ. ಮೂರನೇ ಪಂಗಡದವರು ಗ್ಲುವಿಟ್ ಅನ್ನೋ ಎಪಾಕ್ಸಿನ ಒಳಗಡೆಯಿಂದ ಎಲ್ಲ ಜೋಡಣೆ ಮೇಲೂ ಬ್ರಷ್ಷಲ್ಲಿ ಬಳಿಯೋರು. ಇದು ಸಂದಿಗೆಲ್ಲ ಇಳಿಯತ್ತೆ, ಒಣಗಿದ್ಮೇಲೂ ಗಾಜಿನಂಗೆ ಒಡೆಯಲ್ಲ, ಒಬ್ಬರೇ ಮಾಡ್ಕೋಬೋದು. ಆದ್ರೆ ತಗಡು ಜಿಡ್ಡಿಲ್ಲದೆ ಲಕಲಕ ಅಂತಿರ್ಬೇಕು, ಐವತ್ತು ವರ್ಷದ ಮೀನಿನ ಲೋಳೆ ಮೇಲೆ ಬಳಿದ್ರೆ ಮುಂದಿನ ವರ್ಷ ಹಪ್ಪಳದ ಹಾಗೆ ಎದ್ದು ಬರತ್ತೆ. ನಾನು ಮೊದಲು ಬಿಗಿ ಮಾಡಿ, ಆಮೇಲೆ ಕೀಲ್ ಉದ್ದಕ್ಕೆ ಮಾತ್ರ ಇದನ್ನ ಬಳಿದೆ. ಈಗ ಆರು ವರ್ಷ, ಒಂದು ಚಮಚ ನೀರು ಬರತ್ತೆ ಅಷ್ಟೇ.

ನಾಲ್ಕನೇದು ವೆಲ್ಡಿಂಗ್. ವೆಲ್ಡಿಂಗ್‌ನಲ್ಲೇ ಕಟ್ಟಿದ ಬೋಟಿಗೆ ಸರಿ, ರಿವೆಟ್ ಬೋಟಿಗೆ ಬೇಡ. ತೆಳು ತಗಡು ಬಿಸಿಗೆ ತಿರುಚ್ಕೊಳ್ಳತ್ತೆ, ಒಂದು ರಿವೆಟ್ ಸರಿ ಮಾಡೋಕೆ ಹೋಗಿ ಅಕ್ಕಪಕ್ಕದ ನಾಲ್ಕು ಸಡಿಲಾಗ್ತವೆ. ಬಿರುಕು ಬಿಟ್ಟಿದ್ರೆ ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದ ಹಾಗೆ ಮಾಡಿ, ಮೇಲೆ ಅಲ್ಯೂಮಿನಿಯಂ ತೇಪೆ ಇಟ್ಟು ಸೀಲೆಂಟ್ ಹಾಕಿ ರಿವೆಟ್ ಹೊಡೆಯೋದೇ ವಾಸಿ. ಸಿಲಿಕೋನ್ ಮಾತ್ರ ಎಲ್ಲೂ ಹಚ್ಚಬೇಡಿ, ಒಂದ್ಸಲ ಹಚ್ಚಿದ ಜಾಗದಲ್ಲಿ ಆಮೇಲೆ ಯಾವ ಬಣ್ಣಾನೂ ಯಾವ ಅಂಟೂ ನಿಲ್ಲಲ್ಲ. ಹಿಂದಿನ ಮಾಲೀಕ ಸಿಲಿಕೋನ್ ಬಳಿದಿದ್ರೆ ಅದನ್ನ ಕೆರೆಯೋ ಹೊತ್ತಿನ ಬೆಲೆನೂ ಚೌಕಾಸಿಲಿ ಸೇರಿಸ್ಕೊಳ್ಳಿ.

ದಾರಿ ಎರಡು: ನೆಲ ಹಾಕಿ, ಬೆಂಚು ಉಳಿಸಿ

ತಳದಲ್ಲಿ ಪಕ್ಕೆಲುಬಿನ ಹಾಗೆ ಅಡ್ಡಪಟ್ಟಿ ಇರತ್ತಲ್ಲ, ಅದರ ಮೇಲೆ ಕಾಲು ಎಡವುತ್ತೆ, ಮಕ್ಕಳು ಬೀಳ್ತಾರೆ, ವಯಸ್ಸಾದವರು ಹತ್ತೋಕೇ ಹೆದರ್ತಾರೆ. ಸಪಾಟಾದ ನೆಲ ಒಂದು ಬಂದ್ರೆ ಬೋಟೇ ಬೇರೆ ಆಗತ್ತೆ. ಬೆಂಚು ಮಾತ್ರ ಕೀಳಬೇಡಿ. ಅದು ಕೂರೋಕೆ ಇಟ್ಟ ಹಲಗೆ ಅಂದ್ಕೊಂಡಿರ್ತಾರೆ ಜನ, ನಿಜಕ್ಕೂ ಅದು ಬೋಟಿನ ಎರಡೂ ಪಕ್ಕೇನ ಹಿಡಿದಿಟ್ಟಿರೋ ತೊಲೆ. ನಡು ಬೆಂಚು ಕಿತ್ತ ಬೋಟು ಅಲೆ ಮೇಲೆ ಉಸಿರಾಡ್ದಂಗೆ ಹಿಗ್ಗಿ ಕುಗ್ಗಿ ಮತ್ತೆ ರಿವೆಟ್ ಸಡಿಲ ಮಾಡ್ಕೊಳ್ಳತ್ತೆ.

ಬೆಂಚು ಕೀಳಬಾರದು ಅನ್ನೋಕೆ ಇನ್ನೊಂದು ಕಾರಣ ಅದರೊಳಗಿನ ತೇಲಿಸೋ ಫೋಮ್. ಅಲ್ಯೂಮಿನಿಯಂ ತಾನಾಗಿ ತೇಲಲ್ಲ, ಬೋಟೊಳಗೆ ನೀರು ತುಂಬಿದಾಗ ಅದನ್ನ ಮೇಲೆ ಹಿಡಿಯೋದು ಆ ಫೋಮೇ. ಒಂದು ಘನ ಅಡಿ ಒಳ್ಳೇ ಫೋಮ್ ಸುಮಾರು 60 ಪೌಂಡು ಎತ್ತಿ ಹಿಡಿಯತ್ತೆ. ಆದ್ರೆ ಹಳೇದು ವರ್ಷಗಟ್ಟಲೆ ನೀರು ಕುಡಿದು ಕೂತಿದ್ರೆ ತೇಲಿಸೋದಿರಲಿ, ಅದೇ ಭಾರ. ಆದಷ್ಟೂ ಕೆಳಗಿಂದ ಒಂದು ತುಂಡು ಕತ್ತರಿಸಿ ಹಿಂಡಿ ನೋಡಿ, ನೀರು ಬಂದ್ರೆ ಎಲ್ಲ ತೆಗೀಬೇಕು. ಬದಲಿಗೆ ಏನು? ಸುರಿಯೋ ಫೋಮ್ ಮೂಲೆಮೂಲೆ ತುಂಬತ್ತೆ, ಬೋಟಿಗೆ ಬಿಗಿನೂ ಕೊಡತ್ತೆ, ಆದ್ರೆ ಕೆಳಗೆ ನೀರು ಹರಿಯೋಕೆ ದಾರಿ ಬಿಡದೆ ಸುರಿದ್ರೆ ಮತ್ತೆ ಅದೇ ಕಥೆ. ಮನೆ ಗೋಡೆಗೆ ಹಾಕೋ ಗುಲಾಬಿ ಅಥ್ವಾ ನೀಲಿ ಫೋಮ್ ಬೋರ್ಡು ಅಗ್ಗ, ನೀರು ಅಷ್ಟಾಗಿ ಹೀರಲ್ಲ, ಬೇಕಾದಾಗ ಎಳೆದು ತೆಗೀಬೋದು, ಆದ್ರೆ ಪೆಟ್ರೋಲ್ ಬಿದ್ರೆ ಸಕ್ಕರೆ ಥರ ಕರಗಿಹೋಗತ್ತೆ. ನಾನು ಬೋರ್ಡೇ ಹಾಕಿದ್ದು, ಟ್ಯಾಂಕ್ ಪಕ್ಕದ ಬೆಂಚಿಗೆ ಮಾತ್ರ ಸುರಿದೆ. ತೆಗೆದಷ್ಟಕ್ಕಿಂತ ಕಡಿಮೆ ಮಾತ್ರ ಹಾಕ್ಬೇಡಿ.

ನೆಲಕ್ಕೆ ಏನು ಅನ್ನೋದು ದುಡ್ಡಿನ ಪ್ರಶ್ನೆ ಥರ ಕಾಣತ್ತೆ. ಅರ್ಧ ಇಂಚಿನ ಪ್ಲೈ ಅಗ್ಗ, ಮನೇಲಿರೋ ಗರಗಸದಲ್ಲೇ ಕತ್ತರಿಸ್ಬೋದು, ಒಂದು ಶೀಟು 45 ಪೌಂಡಿನ ಆಸುಪಾಸು. ಎಲ್ಲ ಅಂಚಿಗೂ, ಪ್ರತಿ ತೂತಿನ ಒಳಗೂ ಎಪಾಕ್ಸಿ ಕುಡಿಸಿದ್ರೆ ಹತ್ತು ವರ್ಷ ಬರತ್ತೆ, ಸೋಮಾರಿತನ ಮಾಡಿ ಮೇಲೆ ಮಾತ್ರ ಬಳಿದ್ರೆ ನಾಲ್ಕು. ಅಲ್ಯೂಮಿನಿಯಂ ಶೀಟು 5052 ಜಾತಿದು, ಒಂದು ಇಂಚಿನ ಹತ್ತನೇ ಒಂದು ಭಾಗ ದಪ್ಪದ್ದು ಹಾಕಿದ್ರೆ ತೂಕ ಪ್ಲೈಯಷ್ಟೇ ಬರತ್ತೆ, ಆದ್ರೆ ಕೊಳೆಯಲ್ಲ, ನೀರು ಕುಡಿದು ಭಾರ ಆಗಲ್ಲ. ಬೆಲೆ ಮಾತ್ರ ಪ್ಲೈಯ ಮೂರು ನಾಲ್ಕು ಪಟ್ಟು. ಇನ್ನೊಂದು ತೊಂದರೆ ಶಬ್ದ, ಇಕ್ಕಳ ಕೈಜಾರಿ ಬಿದ್ರೆ ಕೆರೆ ಆಚೆ ದಡದಲ್ಲಿರೋ ಮೀನೂ ಓಡತ್ತೆ. ಮರವೇ ಇಲ್ಲದ ಕಾಂಪೊಸಿಟ್ ಬೋರ್ಡು ಪ್ಲೈಗಿಂತ ಹಗುರ, ಜನ್ಮದಲ್ಲಿ ಕೊಳೆಯಲ್ಲ, ಆದ್ರೆ ಆರುನೂರು ಡಾಲರ್ ಬೋಟಿಗೆ ಅದಕ್ಕಿಂತ ದುಬಾರಿ ನೆಲ ಹಾಕೋದು ನನಗೇನೋ ಮನಸ್ಸಿಗೆ ಬರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ: ಹೊರಾಂಗಣಕ್ಕೆ ಅಂತ ಮಾರೋ, ಹಸಿರು ಛಾಯೆ ಇರೋ ಪ್ರೆಷರ್ ಟ್ರೀಟೆಡ್ ಮರ ಅಲ್ಯೂಮಿನಿಯಂ ಬೋಟಿನ ಹತ್ರಾನೂ ಸುಳೀಬಾರದು. ಅಂಗಡಿಯವನೇ "ಇದು ಕೊಳೆಯೋದೇ ಇಲ್ಲ" ಅಂತ ಅದನ್ನೇ ಕೊಡ್ತಾನೆ. ಅದರೊಳಗಿರೋ ತಾಮ್ರದ ಔಷಧಿ ಒದ್ದೆಯಾದಾಗ ಅಲ್ಯೂಮಿನಿಯಂ ಜೊತೆ ಸೇರಿ ಬ್ಯಾಟರಿ ಥರ ಕೆಲಸ ಮಾಡಿ ತಗಡನ್ನೇ ತಿಂದುಹಾಕತ್ತೆ. ಪಕ್ಕದ್ಮನೆ ಅಜ್ಜನ ಹಳೇ ಬೋಟಿನ ನೆಲ ಎತ್ತಿದಾಗ ನಾನೇ ನೋಡಿದ್ದು, ಮರ ಹೊಸದರ ಹಾಗಿತ್ತು, ಕೆಳಗಿನ ತಗಡಿಗೆ ಬಿಳೀ ಪುಡಿ ಮೆತ್ಕೊಂಡು, ಒರೆಸಿದ್ರೆ ಸೂಜಿಮೊನೆಯಷ್ಟು ಗುಳಿಗಳು, ಟಾರ್ಚ್ ಹಿಡಿದ್ರೆ ಕೆಲವು ಕಡೆ ಬೆಳಕು ಆಚೆ ಬರ್ತಿತ್ತು. ಇದೇ ಕಾರಣಕ್ಕೆ ಹಡಗಿನ ತಳಕ್ಕೆ ಬಳಿಯೋ ತಾಮ್ರದ ಬಣ್ಣಾನೂ ಬೇಡ, ಉಜ್ಜೋಕೆ ಸ್ಟೀಲ್ ಬ್ರಷ್ಷೂ ಬೇಡ.

ಮೇಲ್ಹೊದಿಕೆ: ಕಾರ್ಪೆಟ್ ಮೆತ್ತಗೆ, ಸದ್ದಿಲ್ಲ, ಆದ್ರೆ ವಾರಗಟ್ಟಲೆ ಒದ್ದೆ ಇರತ್ತೆ, ಗಾಳದ ಮುಳ್ಳು ಸಿಕ್ಕಿದ್ರೆ ಬಿಡಿಸೋಕೆ ಅರ್ಧ ಗಂಟೆ. ವಿನೈಲ್ ತೊಳೆಯೋಕೆ ಸುಲಭ, ಜುಲೈ ಬಿಸಿಲಲ್ಲಿ ಬರಿಗಾಲಿಡೋಕಾಗಲ್ಲ. ಮಕ್ಕಳಿದ್ರೆ ಮರಳು ಬೆರೆಸಿದ ಜಾರದ ಬಣ್ಣ ಸಾಕು.

ಈ ದಾರಿಗೆ ನನ್ನ ಲೆಕ್ಕ ಏಳುನೂರು ಡಾಲರ್, ಒಂದು ವಸಂತ ಪೂರ್ತಿ.

ಹಿಂದಿನ ಹಲಗೆ, ಮೋಟರು

ಯಾವ ದಾರಿ ಹಿಡಿದ್ರೂ ಟ್ರಾನ್ಸಮ್, ಅಂದ್ರೆ ಮೋಟರ್ ನೇತಾಕೋ ಹಿಂದಿನ ಹಲಗೆ, ತಪ್ಪಿಸೋಕಾಗಲ್ಲ. ಮೋಟರ್ ಕೆಳಗಿನ ಭಾಗ ಹಿಡಿದು ಜೋರಾಗಿ ಅಲ್ಲಾಡಿಸಿ, ತಗಡು ಒಳಗೂ ಹೊರಗೂ ಬಾಗಿದ್ರೆ ಒಳಗಿನ ಮರ ಹೋಗಿದೆ ಅಂತ. ಸ್ಕ್ರೂಡ್ರೈವರ್ ಹಿಡಿಯಲ್ಲಿ ಬಡಿದು ನೋಡಿ, ಗಟ್ಟಿ ಮರ ಟಕ್ ಅನ್ನತ್ತೆ, ಕೊಳೆತಿದ್ದು ಹಳಸಿದ ಹಲಸಿನಕಾಯಿ ಥರ ಡಬ್ ಅನ್ನತ್ತೆ. ಮುಕ್ಕಾಲು ಇಂಚಿನ ಎರಡು ಪದರ ಪ್ಲೈ ಎಪಾಕ್ಸಿಲಿ ಅಂಟಿಸಿ, ಸುತ್ತ ಎಪಾಕ್ಸಿ ಬಳಿದು, ಸ್ಟೇನ್‌ಲೆಸ್ ಬೋಲ್ಟು ಹಾಕೋದು, ಒಂದು ದಿನದ ಕೆಲಸ. ನೆಲಕ್ಕೆ ತೂಕ ಉಳಿಸಿ ಅಂತ ಹೇಳಿದ ನಾನೇ ಇಲ್ಲಿ ಜಿಪುಣತನ ಮಾಡ್ಬೇಡಿ ಅಂತಿದೀನಿ, ಮೋಟರ್ ಕೆರೆ ತಳ ಸೇರಿದ್ರೆ ಉಳಿಸಿದ್ದೆಲ್ಲ ಅಲ್ಲೇ ಹೋಗತ್ತೆ.

ಮೋಟರ್ ತಗೊಳ್ಳೋಕೆ ಮುಂಚೆ ಆ ಹಲಗೆ ಎತ್ತರ ಅಳೀರಿ. 15 ಇಂಚಾದ್ರೆ ಶಾರ್ಟ್ ಶಾಫ್ಟ್, 20 ಆದ್ರೆ ಲಾಂಗ್, ತಪ್ಪು ತಂದ್ರೆ ಪ್ರೊಪೆಲ್ಲರ್ ಗಾಳಿ ಕಡಿಯತ್ತೆ ಇಲ್ಲಾ ಕೆರೆ ತಳಕ್ಕೆ ತಾಗತ್ತೆ. ಹಳೇ ಟೂ ಸ್ಟ್ರೋಕ್ ಹಗುರ, ಅಗ್ಗ, ಹೊಗೆ ಬಿಡತ್ತೆ, ಎಣ್ಣೆ ಬೆರೆಸ್ಬೇಕು. ಫೋರ್ ಸ್ಟ್ರೋಕ್ ಸದ್ದಿಲ್ಲ, ಪೆಟ್ರೋಲ್ ಕಡಿಮೆ ಕುಡಿಯತ್ತೆ, ಹತ್ತಿಪ್ಪತ್ತು ಪೌಂಡು ಜಾಸ್ತಿ, ಅದೂ ಹಿಂದುಗಡೆಯೇ. ಸಣ್ಣ ಕೆರೆಯವರಿಗೆ ಬರೀ ಎಲೆಕ್ಟ್ರಿಕ್ ಟ್ರೋಲಿಂಗ್ ಮೋಟರ್ ಸಾಕೇ ಸಾಕು, 12 ವೋಲ್ಟಿನ 55 ಪೌಂಡ್ ಥ್ರಸ್ಟಿಂದು 14 ಅಡಿ ಬೋಟನ್ನ ನಡೆಯೋ ವೇಗದಲ್ಲಿ ತಳ್ಳತ್ತೆ. ಫುಲ್ ಸ್ಪೀಡಲ್ಲಿ ಅದು 50 ಆಂಪ್ ಹತ್ರ ಎಳೆಯತ್ತೆ, ಅಂದ್ರೆ 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ ಎರಡು ಗಂಟೆ, ಅಷ್ಟೇ ಸೈಜಿನ ಲೆಡ್ ಬ್ಯಾಟರಿನ ಅರ್ಧಕ್ಕಿಂತ ಕೆಳಗೆ ಇಳಿಸ್ಬಾರದು ಅನ್ನೋದ್ರಿಂದ ಒಂದು ಗಂಟೆನೂ ಕಷ್ಟ. ಲಿಥಿಯಂ ದುಬಾರಿ ಅಂತ ನಾನೂ ಬೇಡ ಅಂದಿದ್ದೆ, ಆದ್ರೆ 60 ಪೌಂಡಿನ ಜಾಗದಲ್ಲಿ 25, 30 ಪೌಂಡು ಅಂದಾಗ ನನ್ನ ಲೆಕ್ಕದ ಪುಸ್ತಕ ಬದಲಾಯ್ತು. ವೈರಿಂಗ್ ಮಾಡೋವಾಗ ಕಾರಿನ ಹಾಗೆ ನೆಗೆಟಿವ್ ತಂದು ಬೋಟಿನ ತಗಡಿಗೆ ಕಚ್ಚಿಸ್ಬೇಡಿ, ಕರೆಂಟ್ ಸೋರಿ ತಗಡು ಸವೆಯತ್ತೆ, ಎರಡೂ ವೈರ್ ಬ್ಯಾಟರಿಗೇ ಹೋಗ್ಲಿ, ನಡುವೆ ಫ್ಯೂಸ್ ಇರ್ಲಿ.

ದಾರಿ ಮೂರು: ಪೂರ್ತಿ ಬಿಚ್ಚಿ ಕಟ್ಟೋದು

ಡೆಕ್ಕು, ಮೀನು ತುಂಬೋ ಲೈವ್ ವೆಲ್, ರಾಡ್ ಪೆಟ್ಟಿಗೆ, ತಿರುಗೋ ಕುರ್ಚಿ, ಹೊಸ ಬಣ್ಣ. ಬೋಟು ಅಗಲ ಇದ್ರೆ ಮಾತ್ರ ಈ ಮಾತು: ಜಾನ್ ಬೋಟಲ್ಲಿ 1448 ಅಂತ ಬರೆದಿರತ್ತೆ, 14 ಅಡಿ ಉದ್ದ, ತಳದ ಅಗಲ 48 ಇಂಚು ಅಂತ ಅರ್ಥ, ಡೆಕ್ ಕಟ್ಟೋಕೆ ಅದಕ್ಕಿಂತ ಕಮ್ಮಿ ನಾನಂತೂ ಹೇಳಲ್ಲ. ಡೆಕ್ ಬೆಂಚಿನ ಮಟ್ಟಕ್ಕಿಂತ ಒಂದಿಂಚೂ ಮೇಲೆ ಬೇಡ, ಚೌಕಟ್ಟು ಅಲ್ಯೂಮಿನಿಯಂ ಆಂಗಲ್ಲಲ್ಲಿ, ಮುಚ್ಚಳ ತೆಳು ಶೀಟಲ್ಲಿ. ಎರಡನೇ ಸಲ ನಾನು ಮುಂದುಗಡೆ ಎರಡೂವರೆ ಅಡಿ ಮಾತ್ರ ಕಟ್ಟಿದೆ, 38 ಪೌಂಡಲ್ಲಿ ಮುಗೀತು.

ಲೈವ್ ವೆಲ್ ಬಗ್ಗೆ ಒಂದು ಮಾತು: ನೀರು ಗ್ಯಾಲನ್ನಿಗೆ ಎಂಟೂ ಚಿಲ್ಲರೆ ಪೌಂಡು, 20 ಗ್ಯಾಲನ್ ತೊಟ್ಟಿ ಅಂದ್ರೆ ಇನ್ನೊಬ್ಬ ಮನುಷ್ಯ. ಹಗ್ಗಕ್ಕೆ ಪೋಣಿಸಿ ಪಕ್ಕಕ್ಕೆ ಬಿಟ್ರೂ ಮೀನು ಮೀನೇ.

ಬಣ್ಣಕ್ಕೆ ಹಳೇದನ್ನ ಕೆರೆಯೋವಾಗ ಮಾಸ್ಕ್ ಹಾಕ್ಕೊಳ್ಳಿ, ಆ ಕಾಲದ ಬಣ್ಣದಲ್ಲಿ ಸೀಸ ಇರೋ ಸಾಧ್ಯತೆ ಇದೆ. ಬರೀ ತಗಡಿಗೆ ನೇರ ಬಣ್ಣ ಹತ್ತಲ್ಲ, ತಗಡನ್ನ ಕಚ್ಚಿ ಹಿಡಿಯೋ ಸೆಲ್ಫ್ ಎಚಿಂಗ್ ಪ್ರೈಮರ್ ಮೊದಲು. ಉಳಿದಿದ್ದೆಲ್ಲ ನಿಮ್ಮ ರುಚಿ.

ಇದಕ್ಕೆ ಎರಡು ಸಾವಿರ ಡಾಲರ್ ದಾಟತ್ತೆ, ಎರಡು ಬೇಸಿಗೆ ಗರಾಜಲ್ಲೇ ಕಳೆಯತ್ತೆ, ಮಾರೋಕೆ ಹೋದ್ರೆ ಅರ್ಧ ವಾಪಸ್ ಬರಲ್ಲ. ಲಾಭ ಅಂತ ಲೆಕ್ಕ ಹಾಕೋರು ಇಲ್ಲಿಗೆ ಬರ್ಲೇಬೇಡಿ. ಕೈಕೆಲಸದ ಹುಚ್ಚು ಇದ್ರೆ ಮಾತ್ರ ಇದಕ್ಕಿಂತ ಒಳ್ಳೇ ಚಳಿಗಾಲ ಇಲ್ಲ.

ಹೊಸದೇ ತಗೊಂಡ್ರೆ? ಮೋಟರ್ ಟ್ರೈಲರ್ ಸೇರಿ ಹತ್ತು ಸಾವಿರ ದಾಟತ್ತೆ, ಅದು ಇರೋರಿಗೆ, ವರ್ಷಕ್ಕೆ ಇಪ್ಪತ್ತು ಸಲ ಹೋಗೋರಿಗೆ ಅದೇ ಸರಿ. ನಾಲ್ಕು ಸಲ ಹೋಗೋರು ಬಾಡಿಗೆಗೆ ತಗೊಳ್ಳಿ.

ಮಕ್ಕಳಿರೋರಿಗೆ ನಾನು ಹೇಳಿದ್ದು: ಜಾನ್ ಬೋಟು, ದಾರಿ ಒಂದು, ಜೊತೆಗೆ ನೆಲ ಮಾತ್ರ, ಎಲೆಕ್ಟ್ರಿಕ್ ಮೋಟರು. ಉಳಿದ ದುಡ್ಡಲ್ಲಿ ಸರಿಯಾದ ಅಳತೆ ಲೈಫ್ ಜಾಕೆಟ್, ಇಲ್ಲಿ ಹತ್ತು ವರ್ಷದ ಒಳಗಿನ ಮಕ್ಕಳಿಗೆ ಬೋಟು ಚಲಿಸೋವಾಗ ಅದು ಮೈಮೇಲೇ ಇರ್ಬೇಕು ಅಂತ ಕಾನೂನೇ ಇದೆ. ಮಿಲ್ ಲ್ಯಾಕ್ಸ್‌ನವರಿಗೆ: ವಿ ತಳ, 16 ಅಡಿ ಸಿಕ್ರೆ 16 ಅಡಿನೇ, ದಾರಿ ಎರಡು, ಟ್ರಾನ್ಸಮ್ ಹೊಸದು, ಡೆಕ್ ಆಸೆ ಬಿಡಿ, ಆ ತೂಕಕ್ಕೆ ಇನ್ನೊಂದು ಟ್ಯಾಂಕ್ ಪೆಟ್ರೋಲು ಇಟ್ಕೊಳ್ಳಿ. ಇಬ್ಬರಿಗೂ ಹೇಳಿದ್ದು, ನೋಡೋಕೆ ಹೋಗ್ವಾಗ ಟಾರ್ಚ್, ಸ್ಕ್ರೂಡ್ರೈವರ್, ಟೇಪು ತಗೊಂಡು ಹೋಗಿ, ಬೋಟಿನ ಕಾಗದ ಮಾರೋನ ಹೆಸರಲ್ಲೇ ಇದೆಯಾ ನೋಡಿ, ಟ್ರೈಲರ್ ಟೈರ್ ಕೈಯಾರೆ ತಿರುಗಿಸಿ ಬೇರಿಂಗ್ ಸದ್ದು ಕೇಳಿ. ಆಮೇಲೆ ಕೆರೆಯಿಂದ ಹೊರಡೋವಾಗ ಡ್ರೈನ್ ಪ್ಲಗ್ ತೆಗೆದೇ ರಸ್ತೆಗಿಳೀಬೇಕು, ಜೀಬ್ರಾ ಮಸಲ್ ಅನ್ನೋ ಹೊರಗಿಂದ ಬಂದ ಚಿಪ್ಪಿನ ಜೀವಿ ಕೆರೆಯಿಂದ ಕೆರೆಗೆ ಹರಡ್ಬಾರದು ಅಂತ. ಮತ್ತೆ ನೀರಿಗಿಳಿಸೋವಾಗ ಹಾಕೋದು ಮರೀಬೇಡಿ, ಎಲ್ಲರೂ ಒಂದ್ಸಲ ಮರೆತಿರ್ತಾರೆ, ನಾನು ಎರಡು ಸಲ.

ಮೂರನೆಯವರಿಗೆ ಏನೂ ಹೇಳೋಕೆ ಆಗಲಿಲ್ಲ, ಅವರು ನನ್ನ ಮಾತು ಮುಗಿಯೋ ಮುಂಚೆನೇ 1448 ತಂದು ಗರಾಜಲ್ಲಿ ನಿಲ್ಲಿಸಿಬಿಟ್ಟಿದ್ರು. ತೂಕದ ಲೆಕ್ಕ ಒಂದು ಕಾಗದದ ಮೇಲೆ ಬರೆದುಕೊಟ್ಟು ಬಂದೆ, ಓದ್ತಾರೋ ಇಲ್ವೋ ಅಂದ್ಕೊಂಡು. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಒಂದು ಫೋಟೋ ಕಳಿಸಿದಾರೆ, ಬೋಟಿಂದಲ್ಲ, ಬಾತ್‌ರೂಮ್ ಸ್ಕೇಲಿಂದು: ಮೇಲೆ ಒಂದು ಬಕೆಟ್, ಅದರಲ್ಲಿ ನಡು ಬೆಂಚೊಳಗಿಂದ ಕಿತ್ತ ಕಂದು ಬಣ್ಣದ ಫೋಮ್, ಕೆಳಗೆ 47 ಅಂತ ನಂಬರು.